ಹಳೆ ನೀರನ್ನು ಯಾಕೆ ಚೆಲ್ಲುತ್ತೀರಿ?

ಇವತ್ತು ಬೆಳಗ್ಗೆ ನಮ್ಮ ಓಣಿಗೆ ನಳ ಬಂತು. ಕೆಲವು ದಿನದಿಂದ ಬಂದಿರಲಿಲ್ಲ, ಎಲ್ಲೋ ಪೈಪ್ ಒಡೆದಿತ್ತಂತೆ. ನೀರಿನ ಸದ್ದು ಕೇಳಿದ ಕೂಡಲೇ ಓಣಿಯ ಮುಕ್ಕಾಲು ಮನೆಯವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮನೆಯೊಳಗೆ ಉಳಿದಿದ್ದ ಕುಡಿಯುವ ನೀರನ್ನು ಕೊಡ ಸಮೇತ ತಂದು ಚರಂಡಿಗೆ ಸುರಿದರು. ತುಂಬಿದ ಕೊಡಗಳು. ನಿನ್ನೆ ಸಂಜೆಯವರೆಗೆ ಅದೇ ನೀರನ್ನು ಮಕ್ಕಳಿಗೆ ಅಳೆದು ಅಳೆದು ಕೊಡುತ್ತಿದ್ದರು. ಪಕ್ಕದ ಮನೆಯ ಅಕ್ಕನನ್ನು ಕೇಳಿದೆ, "ಯಾಕ್ರೀ ಅಕ್ಕಾ, ಯಾಕ ಚೆಲ್ಲಾಕತ್ತೀರಿ?" ಅವರು ಅಷ್ಟೇ ಸಹಜವಾಗಿ ಹೇಳಿದರು, "ಹಳೆ ನೀರು ಅವಲ್ಲವ್ವಾ. ಹೊಸ ನೀರು ಬಂದಾವ ನೋಡು."

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು ಅಂತ ನಿಮಗೆಲ್ಲ ಗೊತ್ತು. ಮಲದ ಸ್ಯಾಂಪಲ್, ನೀರಿನ ಸ್ಯಾಂಪಲ್, ಇದೇ ನನ್ನ ದಿನ. ಹಾಗಾಗಿ ಗಟ್ಟಿಯಾಗಿ ಹೇಳುತ್ತೇನೆ, ಇವತ್ತು ಚೆಲ್ಲಿದ ಆ ನೀರು, ತುಂಬಿಕೊಂಡ ಈ ನೀರಿಗಿಂತ ಹೆಚ್ಚು ನಂಬಬಹುದಾದ ನೀರಾಗಿತ್ತು. ನಿನ್ನೆ ಕುಡಿದವರು ಇವತ್ತು ಚೆನ್ನಾಗಿಯೇ ಇದ್ದಾರಲ್ಲ! ಹೊಸ ನೀರಿನ ಕಥೆ ಏನು ಅಂತ ಯಾರಿಗೂ ಗೊತ್ತಿಲ್ಲ.

ಪೈಪಿನಲ್ಲಿ ನೀರು ತುಂಬಿ ಒತ್ತಡ ಇದ್ದರೆ, ಎಲ್ಲಾದರೂ ಸೀಳಿದ್ದರೂ ನೀರು ಹೊರಗೆ ಸೋರುತ್ತದೆ, ಅಷ್ಟೇ. ನೀರು ನಿಂತು ಪೈಪ್ ಖಾಲಿಯಾದಾಗ ಅದು ಉಲ್ಟಾ ಆಗುತ್ತದೆ. ಸುತ್ತಲಿನ ಹೊಲಸು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಊರಿನಲ್ಲಿ ಮನೆ ಮನೆಗೆ ಹೋಗುವ ಪೈಪು ಎಲ್ಲಿ ಹಾದು ಹೋಗುತ್ತದೆ ನೋಡಿದ್ದೀರಲ್ಲ? ಚರಂಡಿಯ ಒಳಗೇ. ಒತ್ತಡ ಕಡಿಮೆ ಅಂತ ಎಷ್ಟೋ ಮನೆಗಳಲ್ಲಿ ಗುಂಡಿ ತೋಡಿ ನಳ ಕೂರಿಸಿದ್ದಾರೆ. ಆ ಗುಂಡಿಯಲ್ಲಿ ಬಟ್ಟೆ ಒಗೆದ ನೀರೂ ನಿಲ್ಲುತ್ತದೆ, ಮಳೆ ನೀರೂ ನಿಲ್ಲುತ್ತದೆ. ಮೇಲಾಗಿ ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುತ್ತೀರಿ. ಮೋಟಾರಿಗೆ ಒಳ್ಳೆ ನೀರು, ಕೆಟ್ಟ ನೀರು ಅಂತ ಗೊತ್ತಾಗುವುದಿಲ್ಲ. ಎಲ್ಲಿ ಸೀಳಿದೆಯೋ ಅಲ್ಲಿಂದ ಎಳೆಯುತ್ತದೆ. ಕೆಲವು ದಿನ ನಿಂತು ಬಂದ ಮೊದಲ ನೀರು ಅಂದರೆ ಇದೆಲ್ಲ ತೊಳೆದುಕೊಂಡು ಬಂದ ನೀರು. ಅದನ್ನು ತುಂಬಿಸಿಕೊಳ್ಳಲು ಕುಡಿಯುವ ನೀರು ಚೆಲ್ಲುತ್ತೀರಿ!

ಮೊದಲ ನೀರು ಬಚ್ಚಲಿಗೆ, ಪಾಯಿಖಾನೆಗೆ, ಅಂಗಳಕ್ಕೆ ಹೋಗಲಿ. ತಿಳಿಯಾದ ಮೇಲೆ ಹಿಡಿಯಿರಿ. ಹಿಡಿದ ಮೇಲೂ ಕುದಿಸಿ ಅಥವಾ ಕ್ಲೋರಿನ್ ಹಾಕಿ. ಅಲ್ಲಿಯವರೆಗೆ ಕುಡಿಯುವುದು ಯಾವ ನೀರು? ಆ ಹಳೆ ನೀರೇ.

2022ರ ಬೇಸಿಗೆಯ ಕೊನೆ ಇಷ್ಟು ಬೇಗ ಮರೆತು ಹೋಯಿತಾ? ನಮ್ಮ ರಾಯಚೂರಿನಲ್ಲೇ ನಳದ ನೀರು ಕುಡಿದು ಜನ ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲೂ ಅದೇ ಆಯಿತು. ವಾಂತಿ, ಭೇದಿ, ಒಂದೆರಡು ದಿನದಲ್ಲಿ ಮನೆಯ ಮನುಷ್ಯ ಇಲ್ಲ.

ಇದನ್ನು ಇಲ್ಲಿ ಎಂದೂ ಬರೆದಿರಲಿಲ್ಲ, ಇವತ್ತು ಬರೆಯುತ್ತೇನೆ. ನಮ್ಮ ಅವ್ವನ ತಂಗಿ ನಾನು ಹುಟ್ಟುವ ಮೊದಲೇ ವಾಂತಿ-ಭೇದಿಯಲ್ಲಿ ಹೋದಳು. ಶಾಲೆಗೆ ಹೋಗುವ ವಯಸ್ಸು. ಆಗ ಉಪ್ಪು ಸಕ್ಕರೆ ನೀರು ಕುಡಿಸಬೇಕು ಅಂತಲೂ ಮನೆಯವರಿಗೆ ಗೊತ್ತಿರಲಿಲ್ಲ. ನೀರು ಕೊಟ್ಟರೆ ಭೇದಿ ಜಾಸ್ತಿ ಆಗುತ್ತದೆ ಅಂತ ನೀರನ್ನೇ ನಿಲ್ಲಿಸಿದರಂತೆ. ಅವ್ವ ಅದನ್ನು ಹೇಳುವಾಗ ಈಗಲೂ ದನಿ ನಡುಗುತ್ತದೆ. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಅದೂ ಒಂದು ಕಾರಣ. (ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಸಣ್ಣ ಚಮಚ ಸಕ್ಕರೆ, ಅದೇ ಸಣ್ಣ ಚಮಚದಲ್ಲಿ ಅರ್ಧ ಚಮಚ ಉಪ್ಪು. ದಯವಿಟ್ಟು ಅಡಿಗೆ ಮನೆಯ ಗೋಡೆಗೆ ಬರೆದಿಡಿ. ಉಪ್ಪು ಹೆಚ್ಚಾಗಬಾರದು.)

ಮತ್ತೆ ಆ ಹಳೆ ನೀರಿನ ಮಾತಿಗೇ ಬರುತ್ತೇನೆ. ನೀರು ಹಾಲಲ್ಲ, ತಾನೇ ಕೆಟ್ಟು ಹೋಗಲು. ನೀರನ್ನು ಕೆಡಿಸುವವರು ನಾವು. ಎಚ್‌2ಎಸ್ ಬಾಟಲಿ ಅಂತ ಇರುತ್ತದೆ. ಅದಕ್ಕೆ ನೀರು ಹಾಕಿ ಒಂದೆರಡು ದಿನ ಇಟ್ಟರೆ, ನೀರಿನಲ್ಲಿ ಮಲದ ಸೋಂಕು ಇದ್ದರೆ ಕಪ್ಪಾಗುತ್ತದೆ. ನಳದಿಂದ ಹಿಡಿದ ಸ್ಯಾಂಪಲ್ ಚೆನ್ನಾಗಿದ್ದು, ಅದೇ ಮನೆಯ ಕೊಡದ ಸ್ಯಾಂಪಲ್ ಕಪ್ಪಾದದ್ದನ್ನು ನಾನು ನೋಡಿದ್ದೇನೆ. ನಡುವೆ ಏನಾಯಿತು? ಕೈ. ತಂಬಿಗೆ ಮುಳುಗಿಸುವಾಗ ಬೆರಳು ನೀರಿಗೆ ಹೋಗುತ್ತದೆ. ಮಕ್ಕಳು ಆಟವಾಡಿ ಬಂದು ಅದೇ ಲೋಟ ಅದ್ದುತ್ತಾರೆ. ಕೊಡದ ಒಳಗೆ ಕೈ ಹಾಕಿ ನೋಡಿ, ಜಾರುವ ಲೋಳೆ ಇರುತ್ತದೆ. ಹೊರಗೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿರುತ್ತೀರಿ, ಒಳಗೆ ಯಾರೂ ತಿಕ್ಕುವುದಿಲ್ಲ. ಆ ಲೋಳೆಯಲ್ಲಿ ಹೊಸ ನೀರು ತುಂಬಿದರೂ ಸಂಜೆಗೆ ಅದೂ ಕೆಟ್ಟ ನೀರೇ.

ಕಿರಿದಾದ ಬಾಯಿ, ಗಟ್ಟಿ ಮುಚ್ಚಳ, ಕೆಳಗೊಂದು ನಳ. ಇಂಥ ಪಾತ್ರೆ ಇದ್ದರೆ ಅರ್ಧ ರೋಗ ಮನೆಗೆ ಬರುವುದಿಲ್ಲ. ನಳ ಇಲ್ಲದಿದ್ದರೆ ಉದ್ದ ಹಿಡಿಕೆಯ ಸವಟು ಇಡಿ, ಅದನ್ನು ಕೆಳಗೆ ಇಡದೆ ಮೊಳೆಗೆ ನೇತು ಹಾಕಿ.

ಪಾತ್ರೆಯ ಮಾತು ಬಂದಾಗ ಇದನ್ನೂ ಹೇಳಲೇಬೇಕು. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಭತ್ತದ ಹೊಲ, ಇತ್ತ ಹತ್ತಿ, ಮೆಣಸಿನಕಾಯಿ. ಎಲ್ಲಿ ನೋಡಿದರೂ ಕೀಟನಾಶಕ ಔಷಧಿ. ಆ ಔಷಧಿಯ ಖಾಲಿ ಡಬ್ಬಿ, ಯಾವುದೋ ಕೆಮಿಕಲ್ ತುಂಬಿ ಬಂದ ನೀಲಿ ಡ್ರಮ್ಮು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ತಂದು ತೊಳೆದು ಕುಡಿಯುವ ನೀರು ತುಂಬುತ್ತಾರೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ. ಬಟ್ಟೆ ಒಗೆಯುವುದಕ್ಕೂ ಬೇಡ, ದನಕ್ಕೆ ಕುಡಿಸುವುದಕ್ಕೂ ಬೇಡ. ಹೊಸ ಕ್ಯಾನ್ ತರಲು ದುಡ್ಡಿಲ್ಲದಿದ್ದರೆ ಅವ್ವನ ಕಾಲದ ತಾಮ್ರದ ಹಂಡೆ ಅಟ್ಟದ ಮೇಲೆ ಕೂತಿದೆಯಲ್ಲ, ಅದನ್ನು ಇಳಿಸಿ.

ಎಷ್ಟು ನೀರು ಇಡಬೇಕು ಅಂತ ಕೇಳುತ್ತೀರಿ. ಕುಡಿಯಲು, ಅಡಿಗೆಗೆ ಅಂತ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ. ಏಪ್ರಿಲ್-ಮೇ ತಿಂಗಳಲ್ಲಿ ಇನ್ನೊಂದು ಲೀಟರ್ ಸೇರಿಸಿ, ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಐದು ಜನರ ಮನೆಗೆ ಮೂರು ದಿನಕ್ಕೆ 60 ಲೀಟರ್. ಅಂದರೆ 20 ಲೀಟರಿನ ಮೂರು ಕ್ಯಾನ್. ಮಂಚದ ಕೆಳಗೆ ಹಿಡಿಸುತ್ತದೆ. ಬಿಸಿಲು ಬೀಳಬಾರದು, ಪಕ್ಕದಲ್ಲಿ ಸೀಮೆಎಣ್ಣೆ, ಫಿನಾಯಿಲ್ ಇರಬಾರದು. ಮೇಲೆ ತುಂಬಿದ ದಿನಾಂಕ ಬರೆಯಿರಿ. ಶುದ್ಧ ಕ್ಯಾನಿನಲ್ಲಿ, ಕ್ಲೋರಿನ್ ಇರುವ ನೀರನ್ನು ಗಟ್ಟಿ ಮುಚ್ಚಿಟ್ಟರೆ ಆರು ತಿಂಗಳವರೆಗೆ ಇಡಬಹುದು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ನಮ್ಮ ಸೆಕೆಗೆ ನಾನು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಬದಲಿಸುವುದು ಅಂದರೆ ಚೆಲ್ಲುವುದಲ್ಲ! ಆ ನೀರಿನಲ್ಲಿ ಬೇಳೆ ಬೇಯಿಸಿ, ಪಾತ್ರೆ ತೊಳೆಯಿರಿ, ತುಳಸಿಗೆ ಹಾಕಿ. ಮೊದಲು ಹೊಸದನ್ನು ತುಂಬಿಟ್ಟು, ಆಮೇಲೆ ಹಳೆಯದನ್ನು ಬಳಸಿ.

ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಮಗ್ಯಾಕೆ ನೀರಿನ ಚಿಂತೆ ಅನ್ನುವವರಿದ್ದಾರೆ. 2009ರ ನೆರೆ ನೆನಪಿಸಿಕೊಳ್ಳಿ. ಮಂತ್ರಾಲಯ ಮುಳುಗಿತ್ತು, ನಮ್ಮ ನದಿ ದಡದ ಹಳ್ಳಿಗಳು ಮುಳುಗಿದ್ದವು. ಕಣ್ಣು ಹಾಯಿಸಿದಲ್ಲೆಲ್ಲ ನೀರು, ಕುಡಿಯಲು ಒಂದು ಲೋಟ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಬದಲಿ ಗೇಟು ಕೂರಿಸಲು ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಎಷ್ಟು ಟಿಎಂಸಿ ನೀರು ಹರಿದು ಹೋಯಿತು! ಆ ವಾರವೆಲ್ಲ ನಾವು ಬೆಳೆಯ ಬಗ್ಗೆ ಮಾತಾಡಿದೆವು. ಎಡದಂಡೆ ನಾಲೆಯ ನೀರಿನಿಂದ ತುಂಬುವ ಕುಡಿಯುವ ನೀರಿನ ಕೆರೆಗಳು ಎಷ್ಟಿವೆ ಅಂತ ಯಾರೂ ಮಾತಾಡಲಿಲ್ಲ. ಆ ಡ್ಯಾಮಿಗೆ ಇರುವುದು 33 ಗೇಟು. ಒಂದು ಚೈನಿನ ಮೇಲೆ ನಮ್ಮ ಕೊಡ ನಿಂತಿದೆ.

ಈಗ ಕೆಲವರು ನನ್ನನ್ನೇ ಹಿಡಿಯುತ್ತಾರೆ. "ಮೇಡಂ, ನಿಮ್ಮ ಇಲಾಖೆಯವರೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಅಂತಾರಲ್ಲ? ಡೆಂಗಿ ಬರುತ್ತೆ ಅಂತಾರಲ್ಲ?" ನಿಜ, ಹೇಳುತ್ತೇವೆ. ಆಶಾ ಕಾರ್ಯಕರ್ತೆಯರು ಟಾರ್ಚ್ ಹಿಡಿದು ಲಾರ್ವಾ ನೋಡುತ್ತಾರೆ. ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು, ಅದಕ್ಕೇ ವಾರದ ಲೆಕ್ಕ. ಆದರೆ ಅದು ಬಾಯಿ ತೆರೆದ ಡ್ರಮ್ಮಿಗೆ, ಮುಚ್ಚಳ ಮುರಿದ ಸಿಂಟೆಕ್ಸಿಗೆ, ಬಳಸುವ ನೀರಿಗೆ ಹೇಳುವ ಮಾತು. ಸೊಳ್ಳೆ ಒಳಗೆ ಹೋಗಲಾಗದ ಕ್ಯಾನಿನಲ್ಲಿ ಲಾರ್ವಾ ಎಲ್ಲಿಂದ ಬರುತ್ತದೆ? ಬೇಸರ ಏನೆಂದರೆ, ಅಂಗಳದ ತೆರೆದ ಡ್ರಮ್ಮನ್ನು ಯಾರೂ ಮುಟ್ಟುವುದಿಲ್ಲ. ಅದು ತಿಂಗಳುಗಟ್ಟಲೆ ಹಾಗೇ ನಿಂತಿರುತ್ತದೆ. ಮುಚ್ಚಿಟ್ಟ ಕುಡಿಯುವ ನೀರನ್ನು ಮಾತ್ರ ಚೆಲ್ಲುತ್ತಾರೆ.

ಇನ್ನು ಕೆಲವರದು, ನೀರು ಕೊಡುವುದು ಸರ್ಕಾರದ ಕೆಲಸ ಅನ್ನುವ ವಾದ. ಹೌದು, ಸರ್ಕಾರದ ಕೆಲಸವೇ. ಜಗಳ ಮಾಡಿ, ಅರ್ಜಿ ಕೊಡಿ, ನಾನೂ ಬರುತ್ತೇನೆ. ಅರ್ಜಿ ವಿಲೇವಾರಿ ಆಗುವವರೆಗೆ ಮಗುವಿಗೆ ಯಾವ ನೀರು ಕೊಡುತ್ತೀರಿ?

"ನಮ್ಮ ಮನೆಯಲ್ಲಿ ಆರ್‌ಒ ಇದೆ" ಅನ್ನುವವರಿಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕರೆಂಟ್ ಹೋದರೆ, ಟ್ಯಾಂಕ್ ಖಾಲಿಯಾದರೆ ಆ ಮಷಿನ್ ಗೋಡೆಯ ಮೇಲಿನ ಡಬ್ಬಿ. ಮಾರುವವನು ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸುತ್ತಾನೆ. ಅದು ನೀರಿನಲ್ಲಿ ಕರಗಿದ ಲವಣದ ಲೆಕ್ಕ. ರೋಗಾಣು ಇದೆಯೋ ಇಲ್ಲವೋ ಆ ಮೀಟರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಫಿಲ್ಟರ್ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ಹಿಡಿದ ನೀರು ಶುದ್ಧವಿದ್ದರೂ, ಕ್ಯಾನ್ ಹೊಲಸಿದ್ದರೆ ಅದನ್ನು ಕಾಯುವವರು ಯಾರೂ ಇಲ್ಲ. ನಳದ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದರೆ ಮುಖ ಸಿಂಡರಿಸುತ್ತೀರಿ. ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಮನೆಯ ನಳದಲ್ಲಿ ಉಳಿದಿರಬೇಕು ಅನ್ನುವುದು ನಿಯಮ. ಆ ವಾಸನೆ ಬಂದ ದಿನ ನನಗೆ ಸಮಾಧಾನ.

ಇಟ್ಟ ನೀರೂ ಮುಗಿದರೆ? ಕದಡಿದ ನೀರನ್ನು ಮೊದಲು ತಿಳಿಯಾಗಲು ಬಿಡಿ. ಹಳೆ ಕಾಟನ್ ಸೀರೆಯನ್ನು ನಾಲ್ಕೆಂಟು ಮಡಿಕೆ ಮಾಡಿ ಸೋಸಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆ ಸೋಸಿದ್ದರಿಂದಲೇ ಕಾಲರಾ ಸುಮಾರು ಅರ್ಧ ಕಡಿಮೆಯಾಯಿತು. ಆಮೇಲೆ ಕುದಿಸಿ. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು, ಗ್ಯಾಸ್ ಉರಿಸುತ್ತಾ ಕೂರಬೇಕಿಲ್ಲ. ಕುದಿಸಿದ ಪಾತ್ರೆಯಲ್ಲೇ ಆರಲಿ, ಬೇರೆ ಕೊಡಕ್ಕೆ ಸುರಿಯಬೇಡಿ. ಕ್ಲೋರಿನ್ ಮಾತ್ರೆ ಇದ್ದರೆ ಎಷ್ಟು ಲೀಟರಿಗೆ ಒಂದು ಅಂತ ಪ್ಯಾಕೆಟ್ ಮೇಲೆ ಓದಿ ಹಾಕಿ, ಅರ್ಧ ಗಂಟೆ ಕಾಯಿರಿ. ಟ್ಯಾಂಕಿಗಾದರೆ 1000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಿ. ಬಾಯಿ ತೆರೆದಿಟ್ಟ ಹಳೆ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ. ಏನೂ ಇಲ್ಲವಾ? ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ತಿಳಿ ನೀರು ತುಂಬಿ ಮಾಳಿಗೆ ಮೇಲೆ ಆರು ಗಂಟೆ ಬಿಸಿಲಿಗೆ ಮಲಗಿಸಿ. ಮೋಡ ಇದ್ದರೆ ಎರಡು ದಿನ.

ಆದರೆ ಬೋರಿನ ನೀರಿಗೆ ಇವು ಯಾವುದೂ ಪೂರ್ತಿ ಉತ್ತರವಲ್ಲ. ನಮ್ಮ ಎಷ್ಟೋ ಹಳ್ಳಿಗಳಲ್ಲಿ, ಅತ್ತ ಕುಷ್ಟಗಿ, ಯಲಬುರ್ಗಾ ಕಡೆಯೂ, ನೆಲದ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಂಥ ಊರಿನವರು ಕೆರೆಯ ನೀರನ್ನೋ ಆರ್‌ಒ ನೀರನ್ನೋ ಮೊದಲೇ ತುಂಬಿಡಬೇಕು. ಕಷ್ಟ ಬಂದ ದಿನ ಬೋರ್ ಇದೆಯಲ್ಲ ಅಂತ ಕೂರಬಾರದು. ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಕುದಿಸದ ನಳದ ನೀರು ಕೊಡಲೇಬೇಡಿ. ಹೊಲಸು ನೀರಿನಿಂದ ಬರುವ ಒಂದು ಬಗೆಯ ಕಾಮಾಲೆ, ಹೆಪಟೈಟಿಸ್ ಇ, ಉಳಿದವರಿಗೆ ವಾಸಿಯಾದರೂ ತುಂಬು ಬಸುರಿಯ ಜೀವವನ್ನೇ ತೆಗೆಯಬಹುದು.

ನಮ್ಮ ಓಣಿಯವರಲ್ಲಿ ಒಂದು ಕೇಳಿಕೆ. ನನ್ನ ಹತ್ತಿರ ಎಚ್‌2ಎಸ್ ಬಾಟಲಿ ಇವೆ. ಮುಂದಿನ ಸಲ ನಳ ಬಂದಾಗ ಎರಡು ಸ್ಯಾಂಪಲ್ ತನ್ನಿ. ಒಂದು ನೀವು ಚೆಲ್ಲಬೇಕು ಅಂದುಕೊಂಡ ಕೊಡದ್ದು, ಇನ್ನೊಂದು ಆಗಷ್ಟೇ ನಳದಲ್ಲಿ ಬಂದ ಮೊದಲ ನೀರು. ಬಾಟಲಿಯ ಮೇಲೆ ಮನೆಯ ಹೆಸರು ಬರೆದು ನಮ್ಮ ಕಟ್ಟೆಯ ಮೇಲೆ ಇಡೋಣ. ಫಲಿತಾಂಶ ಬರುವವರೆಗೆ ಕೊಡ ಮುಚ್ಚಿ ಒಳಗೇ ಇರಲಿ.