ಡಯಟ್ ಅವಳೊಬ್ಬಳಿಗೇ ಯಾಕೆ?

ನಿನ್ನೆ ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ಗಿರ್ಮಿಟ್ ತಿನ್ನಲು ಹೋಗಿದ್ದೆ. ಪಕ್ಕದಲ್ಲಿ ಅಪ್ಪ, ಅಮ್ಮ, ಮಗ, ಕಾಲೇಜು ವಯಸ್ಸಿನ ಮಗಳು ಕೂತಿದ್ದರು. ಅಂಗಡಿಯವ ನಾಲ್ಕು ಪ್ಲೇಟ್ ಮಿರ್ಚಿ ಹಾಕಲು ಹೊರಟಾಗ ತಾಯಿ ಎಲ್ಲರಿಗೂ ಕೇಳುವ ಹಾಗೆ ಅಂದರು: "ಮೂರ ಹಾಕ್ರಿ. ಆಕಿಗೆ ಬ್ಯಾಡ, ಪಿಸಿಓಡಿ ಆಗೇತಿ, ಡಯಟ್ ಮಾಡಾಕತ್ತಾಳ." ಪಿಸಿಓಡಿ ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಅದನ್ನೇ ಪಿಸಿಓಎಸ್ ಅಂತಲೂ ಅನ್ನುತ್ತಾರೆ. ಹುಡುಗಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತ ಕೂತಳು. ಅಪ್ಪ ಎರಡನೇ ಪ್ಲೇಟ್ ತರಿಸಿಕೊಂಡರು. ಅವರ ಕತ್ತಿನ ಹಿಂದಿನ ಚರ್ಮ ಕಪ್ಪಗೆ, ದಪ್ಪಗೆ, ಗೆರೆಗೆರೆಯಾಗಿತ್ತು. ಮಗಳ ಕತ್ತಿನಲ್ಲೂ ಅದೇ ಗುರುತು, ಸ್ವಲ್ಪ ತೆಳು ಅಷ್ಟೇ.

ನಾನು ಲ್ಯಾಬಿನಲ್ಲಿ ಕೆಲಸ ಮಾಡೋದು ನಿಮಗೆಲ್ಲ ಗೊತ್ತೇ ಇದೆ. ಆ ಗುರುತು ನನಗೆ ಚೆನ್ನಾಗಿ ಪರಿಚಯ. ಬಹಳಷ್ಟು ಸಲ ಅದು ಮೈಯಲ್ಲಿ ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಸೂಚನೆ. ಒಂದೇ ಮನೆ, ಒಂದೇ ಒಲೆ, ಇಬ್ಬರ ಕತ್ತಿನಲ್ಲೂ ಒಂದೇ ಗುರುತು. ಆದರೆ ಡಯಟ್ ಮಾತ್ರ ಹುಡುಗಿಗೆ! ನನಗೆ ರಾತ್ರಿಯೆಲ್ಲ ಸಿಟ್ಟು ಇಳಿಯಲಿಲ್ಲ.

ಇನ್ಸುಲಿನ್ ಹೀಗೆ ಕೈಕೊಡೋದಕ್ಕೆ ಒಂದು ಕಾರಣ ಹೊಟ್ಟೆಯ ಕೊಬ್ಬು. ಅದು ಸುಮ್ನೆ ಕೂತಿರೋ ಕೊಬ್ಬು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕೊಬ್ಬಿನ ಕೋಶಗಳು ಉಬ್ಬುತ್ತ ಹೋದಂತೆ ರೋಗನಿರೋಧಕ ಕೋಶಗಳು ಅಲ್ಲಿ ಬಂದು ಸೇರುತ್ತವೆ, ಟಿಎನ್ಎಫ್ ಆಲ್ಫಾ, ಐಎಲ್-6 ಅನ್ನೋ ಉರಿಯೂತ ತರುವ ರಾಸಾಯನಿಕಗಳನ್ನು ಬಿಡುತ್ತವೆ. ಕೈಗೆ ಗಾಯವಾದರೆ ಕೆಂಪಗಾಗಿ ಊದಿಕೊಂಡು ಕೆಲವು ದಿನದಲ್ಲಿ ಇಳಿಯುತ್ತೆ ಅಲ್ವಾ? ಈ ಉರಿಯೂತ ಹಾಗೆ ತಾನಾಗೇ ಇಳಿಯೋದಿಲ್ಲ. ಜ್ವರ ಇಲ್ಲ, ನೋವಿಲ್ಲ, ವರ್ಷಗಟ್ಟಲೆ ಒಳಗೇ ನಡೀತಿರುತ್ತೆ. ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿಎನ್ಎಫ್ ಆಲ್ಫಾ ಜಾಸ್ತಿ ಇರುತ್ತೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತೆ ಅಂತ ವಿಜ್ಞಾನಿಗಳು 1993ರಲ್ಲೇ ತೋರಿಸಿದ್ದಾರೆ.

ಮುಂದೆ ಏನಾಗುತ್ತೆ ನೋಡಿ. ಸ್ನಾಯು, ಲಿವರ್ ಇನ್ಸುಲಿನ್ ಮಾತು ಕೇಳೋದಿಲ್ಲ, ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಬಿಡುತ್ತೆ. ಅಂಡಾಶಯ ಮಾತ್ರ ಆ ಹೆಚ್ಚಿನ ಇನ್ಸುಲಿನ್‌ಗೆ ಓಗೊಟ್ಟು ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನು ಜಾಸ್ತಿ ಮಾಡುತ್ತೆ. ಇತ್ತ ಟೆಸ್ಟೋಸ್ಟೆರಾನ್ ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಲಿವರ್ ಕಡಿಮೆ ಮಾಡಿಬಿಡುತ್ತೆ, ಹಾಗಾಗಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರಾನ್ ಇನ್ನೂ ಹೆಚ್ಚುತ್ತೆ. ಮುಟ್ಟು ತಪ್ಪುತ್ತೆ, ಗಲ್ಲದ ಮೇಲೆ ಕೂದಲು, ಮೊಡವೆ. ಅದೇ ಮನೆಯ ಅಪ್ಪನಲ್ಲಿ ಇದೇ ಗೊಂದಲ ಶುಗರ್ ಆಗಿ ಕಾಣಿಸಿಕೊಳ್ಳಬಹುದು. ಗಂಡಸರಿಗೆ ಹೊಟ್ಟೆ ಬಂದರೆ ಟೆಸ್ಟೋಸ್ಟೆರಾನ್ ಕಡಿಮೆಯಾಗೋದೂ ಉಂಟು, ಅದನ್ನು ಮಾತ್ರ ಯಾರೂ ಮಿರ್ಚಿ ಅಂಗಡಿಯಲ್ಲಿ ಕೂಗಿ ಹೇಳೋದಿಲ್ಲ.

"ಅದೆಲ್ಲ ವಂಶದಿಂದ ಬರೋದು, ಊಟದಿಂದ ಏನಾಗುತ್ತೆ" ಅನ್ನುವವರು ಇದ್ದಾರೆ. ವಂಶದ ಪಾಲು ಇದೆ, ಒಪ್ಪುತ್ತೇನೆ. ತೆಳ್ಳಗಿರುವ ಹುಡುಗಿಯರಿಗೂ ಪಿಸಿಓಎಸ್ ಬರುತ್ತೆ. ಆದರೆ ವಂಶ ಅಂದಮೇಲೆ ಅದರಲ್ಲಿ ಅಪ್ಪ ಅಮ್ಮ ಇಬ್ಬರೂ ಬಂದರು! ಹಾಗಿದ್ದ ಮೇಲೆ ಅವಳೊಬ್ಬಳ ತಾಟು ಯಾಕೆ ಬೇರೆ?

ನನಗೂ ಆ ವಯಸ್ಸಿನಲ್ಲಿ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ಹಬ್ಬದ ದಿನ ಎಲ್ಲರ ತಾಟಿಗೂ ಹೋಳಿಗೆ ಬಿತ್ತು, ನನ್ನ ತಾಟಿಗೆ ಬರುವಾಗ ದೊಡ್ಡವ್ವ ಕೈ ಹಿಂದಕ್ಕೆ ತಗೊಂಡರು. ಬಂದ ನೆಂಟರೆಲ್ಲ ಯಾಕೆ ಅಂತ ಕೇಳಿದರು, ಅವರು ಬಿಡಿಸಿ ಹೇಳಿದರು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಪಿಸಿಓಎಸ್ ಇರುವ ಹೆಣ್ಣುಮಕ್ಕಳಲ್ಲಿ ಖಿನ್ನತೆ, ಆತಂಕ ಜಾಸ್ತಿ ಅಂತ ಓದಿದಾಗಲೆಲ್ಲ ಆ ಪಂಕ್ತಿ ನೆನಪಾಗುತ್ತೆ.

ಇಷ್ಟಕ್ಕೂ ಬೇಕಿರೋದು ದೊಡ್ಡ ಡಯಟ್ ಏನಲ್ಲ. ಯಾವುದೋ ಒಂದು ಡಯಟ್ ಉಳಿದದ್ದಕ್ಕಿಂತ ಮೇಲು ಅನ್ನೋದಕ್ಕೆ ಆಧಾರ ಇಲ್ಲ ಅಂತ ಪಿಸಿಓಎಸ್ ಬಗ್ಗೆ 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತೆ. ತೂಕ ಜಾಸ್ತಿ ಇದ್ದವರಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರ ಮುಟ್ಟು ಸರಿಹೋಗುತ್ತೆ. ವಾಟ್ಸಾಪ್‌ನಲ್ಲಿ ಮಾರುವ ಹಾರ್ಮೋನ್ ಪುಡಿ ಬೇಕಾಗಿಲ್ಲ. ನಮ್ಮ ಕಡೆ ಊಟವೇ ಇದೆಯಲ್ಲ! 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆ ನಾರನ್ನು ಕರುಳಿನ ಬ್ಯಾಕ್ಟೀರಿಯಾ ತಿಂದು ಉರಿಯೂತ ತಗ್ಗಿಸುವ ಆಮ್ಲಗಳನ್ನು ಮಾಡುತ್ತವೆ. ಅಗಸಿ ಹಿಂಡಿಯಲ್ಲಿ ಒಮೆಗಾ-3 ಇದೆ. ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯೆ, ಸವತಿಕಾಯಿ, ಮೊಸರು. ಇದನ್ನು ರೋಗಿಯ ಊಟ ಅನ್ನೋಕೆ ಆಗುತ್ತಾ? ಬೇಕರಿ ಖಾರಿ, ಟೋಸ್ಟು, ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ, ಇವು ಎಲ್ಲರ ತಾಟಿನಿಂದಲೂ ಕಡಿಮೆಯಾಗಲಿ. ಮಿರ್ಚಿ ತಿನ್ನೋ ದಿನ ಅವಳಿಗೂ ಒಂದು ಕೊಡಿ. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ.

ಮನೆಯಲ್ಲಿ ಟೇಪ್ ಇದ್ದರೆ ಎಲ್ಲರೂ ಸೊಂಟದ ಸುತ್ತಳತೆ ನೋಡಿಕೊಳ್ಳಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಪಿಸಿಓಎಸ್ ಇರುವ ಹುಡುಗಿಯರ ಅಪ್ಪ, ಅಣ್ಣತಮ್ಮಂದಿರಿಗೂ ಇನ್ಸುಲಿನ್ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಮುಂದಿನ ಸಲ ಮಗಳನ್ನು ರಕ್ತ ಪರೀಕ್ಷೆಗೆ ಕರ್ಕೊಂಡು ಬರುವಾಗ ಅಪ್ಪಂದಿರೂ ಖಾಲಿ ಹೊಟ್ಟೆಯಲ್ಲಿ ಬನ್ನಿ. ಅಣ್ಣನನ್ನೂ ಎಬ್ಬಿಸಿಕೊಂಡು ಬನ್ನಿ.