ಭಾಷಣ ಚೆನ್ನಾಗಿತ್ತು, ಏನು ಹೇಳಿದರು?

ಬೆಂಗಳೂರಿನ ದೊಡ್ಡ ಐಟಿ ಆಫೀಸುಗಳಲ್ಲಿ ಗುರುವಾರ ಸಂಜೆ ಯಾವುದೋ ಮೀಟಿಂಗ್ ರೂಮಿನಿಂದ ನಿಮಿಷಕ್ಕೊಂದು ಸಲ ಚಪ್ಪಾಳೆ ಕೇಳಿಸಿದರೆ ಗಾಬರಿ ಬೇಡ. ಯಾರಿಗೂ ಪ್ರಮೋಷನ್ ಸಿಕ್ಕಿಲ್ಲ. ಅದು ಆಫೀಸಿನ ಭಾಷಣ ಕ್ಲಬ್ಬು. ಒಳಗೆ ಒಬ್ಬರು ಮಾತಾಡಲು ಎದ್ದಿದ್ದಾರೆ, ಅದಕ್ಕೆ ಚಪ್ಪಾಳೆ. ಮಾತು ಮುಗಿಸಿ ಕೂತರೆ ಅದಕ್ಕೂ ಚಪ್ಪಾಳೆ. ಕೂತದ್ದಕ್ಕೆ ಬಿದ್ದ ಚಪ್ಪಾಳೆಯಲ್ಲಿ ಸ್ವಲ್ಪ ಜಾಸ್ತಿ ಪ್ರೀತಿ ಇರುತ್ತದೆ.

ಈ ಪದ್ಧತಿ ಅಮೆರಿಕದಿಂದ ಬಂದದ್ದು. 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬ ಊರಿನ ವೈಎಂಸಿಎಯಲ್ಲಿ ರಾಲ್ಫ್ ಸ್ಮೆಡ್ಲಿ ಎಂಬ ಪುಣ್ಯಾತ್ಮರು ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಕ್ಲಬ್ಬು ಶುರು ಮಾಡಿದರು. ಹುಡುಗರಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು ಬರಲಿ, ಒಂದು ಸಭೆ ನಡೆಸಲು ಬರಲಿ ಎಂಬುದು ಅವರ ಆಸೆ. ಒಳ್ಳೆಯ ಆಸೆಯೇ. ಹೆಂಗಸರಿಗೆ ಮಾತು ಕಲಿಸುವ ಅಗತ್ಯ ಕಾಣಲಿಲ್ಲವೋ ಏನೋ, 1973ರವರೆಗೆ ಅವರಿಗೆ ಸದಸ್ಯತ್ವ ಕೊಟ್ಟಿರಲಿಲ್ಲ. ಈಗ ಜಗತ್ತಿನ ತುಂಬಾ ಸಾವಿರಾರು ಕ್ಲಬ್ಬುಗಳಿವೆ. ಕಂಪನಿಗಳ ಒಳಗೇ ನಡೆಯುವವೂ ಬೇಕಾದಷ್ಟು. ಅಲ್ಲಿ ಮಾತು ಕಲಿತು ಉದ್ಧಾರವಾದವರು ಎಷ್ಟೋ ಜನ ಇದ್ದಾರೆ, ಅವರ ತಂಟೆ ನನಗೆ ಬೇಡ. ನನಗಿರುವ ಕುತೂಹಲ ಬೇರೆ: ಅದೇ ಪದ್ಧತಿ ನಮ್ಮ ಎಚ್‌ಆರ್ ಕೈಗೆ ಸಿಕ್ಕಿದರೆ ಏನಾಗುತ್ತದೆ?

ಹೊಸ ಕ್ಲಬ್ ನೋಂದಾಯಿಸಲು ಕನಿಷ್ಠ 20 ಜನ ಬೇಕು. ಮೊದಲ ಮೇಲ್ ಬರುತ್ತದೆ: ಸೇರುವುದು ಬಿಡುವುದು ನಿಮ್ಮ ಇಷ್ಟ. ಐದಾರು ಜನ ಹೆಸರು ಕೊಡುತ್ತಾರೆ. ಎರಡನೇ ಮೇಲ್ ಬರುತ್ತದೆ: ಸೇರುವುದು ಬಿಡುವುದು ನಿಮ್ಮ ಇಷ್ಟ, ಅಂದಹಾಗೆ ಅಪ್ರೈಸಲ್ ಫಾರ್ಮಿನಲ್ಲಿ ‘ಸಂವಹನ ಕೌಶಲ’ ಅಂತ ಒಂದು ಕಾಲಂ ಇದೆ. ಸಂಜೆಯೊಳಗೆ ಹದಿನೈದಾಗುತ್ತದೆ. ಬಾಕಿ ಐದಕ್ಕೆ ಹೊಸ ಟ್ರೇನಿಗಳಿದ್ದಾರೆ. ಅವರಿಗೆ ‘ಆಗಲ್ಲ’ ಅನ್ನಲು ಇನ್ನೂ ಬಾಯಿ ಬರುವುದಿಲ್ಲ. ಕ್ಲಬ್ಬಿನಲ್ಲಿ ಅದೊಂದನ್ನು ಕಲಿಸುವುದೂ ಇಲ್ಲ. ಶುಲ್ಕ ಆರು ತಿಂಗಳಿಗೆ ತಲೆಗೆ 60 ಡಾಲರ್. ಕಂಪನಿಯೇ ಕಟ್ಟುತ್ತದೆ. ಕಾಫಿ ಮೆಷಿನ್ ರಿಪೇರಿಗೆ ದುಡ್ಡಿಲ್ಲ ಅಂದವರು ಇವರೇ ಅಲ್ವಾ ಅಂತ ಕೇಳಬೇಡಿ. ಅದು ಅಡ್ಮಿನ್ ಬಜೆಟ್, ಇದು ಎಚ್‌ಆರ್ ಬಜೆಟ್.

ಜನ ಸೇರಿದ ಮೇಲೆ ಪದಾಧಿಕಾರಿಗಳು. ಇಪ್ಪತ್ತು ಜನಕ್ಕೆ ಏಳು ಹುದ್ದೆ. ಅಧ್ಯಕ್ಷರು, ಶಿಕ್ಷಣಕ್ಕೊಬ್ಬ ಉಪಾಧ್ಯಕ್ಷ, ಸದಸ್ಯತ್ವಕ್ಕೊಬ್ಬ, ಪ್ರಚಾರಕ್ಕೊಬ್ಬ, ಕಾರ್ಯದರ್ಶಿ, ಖಜಾಂಚಿ. ಕೊನೆಯವರು ಸಾರ್ಜೆಂಟ್ ಅಟ್ ಆರ್ಮ್ಸ್. ಹೆಸರು ಕೇಳಿದರೆ ಸೊಂಟದಲ್ಲಿ ಕತ್ತಿ ಇರಬೇಕು ಅನ್ನಿಸುತ್ತದೆ. ಕೈಯಲ್ಲಿ ಇರುವುದು ಪ್ರೊಜೆಕ್ಟರ್ ಕೇಬಲ್. ರೂಮ್ ಬುಕ್ ಮಾಡುವುದು, ಕುರ್ಚಿ ಎಳೆದು ಹಾಕುವುದು, ಹಿಂದಿನ ಮೀಟಿಂಗಿನವರನ್ನು ನಯವಾಗಿ ಎಬ್ಬಿಸಿ ಕಳಿಸುವುದು ಅವರ ಕೆಲಸ. ಆ ಗಂಟೆಯಲ್ಲಿ ನಿಜವಾಗಿ ಮಾತಿನಿಂದ ಒಂದು ಕೆಲಸ ಆಗುವುದು ಈ ಕೊನೆಯದರಲ್ಲಿ ಮಾತ್ರ.

ಇನ್ನು ಸಭೆ. ಸಾರ್ಜೆಂಟ್ ಎದ್ದು ಮೊಬೈಲ್ ಸೈಲೆಂಟ್ ಮಾಡಿ ಅಂತ ಹೇಳಿ ಅಧ್ಯಕ್ಷರನ್ನು ಕರೆಯುತ್ತಾರೆ. ಅಧ್ಯಕ್ಷರು ಆ ದಿನದ ಟೋಸ್ಟ್‌ಮಾಸ್ಟರನ್ನು, ಅಂದರೆ ಸಭೆ ನಡೆಸಿಕೊಡುವವರನ್ನು, ಕರೆಯುತ್ತಾರೆ. ಅವರು ಜನರಲ್ ಇವ್ಯಾಲ್ಯುಯೇಟರನ್ನು, ಅಂದರೆ ಇಡೀ ಸಭೆಯ ವಿಮರ್ಶಕರನ್ನು, ಕರೆಯುತ್ತಾರೆ. ಅವರು ಟೈಮರ್, ಆ-ಕೌಂಟರ್, ಗ್ರಾಮರಿಯನ್ ಮೂವರನ್ನೂ ಒಬ್ಬೊಬ್ಬರಾಗಿ ಕರೆಯುತ್ತಾರೆ. ಮೂವರೂ ಬಂದು ತಮ್ಮ ಕೆಲಸ ಏನು ಅಂತ ವಿವರಿಸುತ್ತಾರೆ. ಹಿಂದಿನ ಸಭೆಯಲ್ಲೂ ವಿವರಿಸಿದ್ದರು. ಪ್ರತಿ ಸಲವೂ ಕೈ ಕುಲುಕಬೇಕು. ಪೋಡಿಯಂ ಒಂದು ಕ್ಷಣವೂ ಖಾಲಿ ಇರಬಾರದು. ಮುಂದಿನವರು ಬಂದು ಕೈ ಕುಲುಕುವವರೆಗೆ ಕರೆದವರು ಅಲ್ಲೇ ಕಾವಲು ನಿಂತಿರಬೇಕು. ಅದನ್ನು ಹೊತ್ತುಕೊಂಡು ಹೋಗುವವರು ಯಾರು, ಹೋಗಿ ಏನು ಮಾಡುತ್ತಾರೆ ಅಂತ ಮಾತ್ರ ಯಾರೂ ಹೇಳಿಲ್ಲ.

ಇಷ್ಟಾದ ಮೇಲೆ ಎರಡು ಭಾಷಣ. ಒಂದೊಂದೂ 5ರಿಂದ 7 ನಿಮಿಷ. ಅಲ್ಲಿಗೆ ಭಾಷಣ ಕ್ಲಬ್ಬಿನ ಒಂದು ಗಂಟೆಯಲ್ಲಿ ತಯಾರಾಗಿ ಬಂದ ಭಾಷಣಕ್ಕೆ ಹೆಚ್ಚೆಂದರೆ 14 ನಿಮಿಷ. ನಡುವೆ ಟೇಬಲ್ ಟಾಪಿಕ್ಸ್ ಅಂತ ಒಂದಿದೆ, ಅಲ್ಲೇ ವಿಷಯ ಕೊಟ್ಟು ಅಲ್ಲೇ ಒಂದೆರಡು ನಿಮಿಷ ಮಾತಾಡಿಸುವುದು. ಆಮೇಲೆ ಭಾಷಣದ ವಿಮರ್ಶೆ. ಆಮೇಲೆ ವಿಮರ್ಶೆಯ ವಿಮರ್ಶೆ. ಅದರ ವಿಮರ್ಶೆಗೂ ಯಾರಾದರೂ ಎದ್ದೇಳುತ್ತಿದ್ದರು, ಅಷ್ಟರಲ್ಲಿ ಮುಂದಿನ ಮೀಟಿಂಗಿನವರು ಬಾಗಿಲು ಬಡಿಯುತ್ತಾರೆ.

ಟೈಮರ್ ಹತ್ತಿರ ಮೂರು ಕಾರ್ಡು. 5 ನಿಮಿಷಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು. ಮೇಲೆ 30 ಸೆಕೆಂಡು ವಿನಾಯಿತಿ. ಒಮ್ಮೆ ಡೆಲಿವರಿ ಹೆಡ್, ಅಂದರೆ ಪ್ರಾಜೆಕ್ಟುಗಳನ್ನು ಮುಗಿಸಿಕೊಡುವ ಹೊಣೆ ಹೊತ್ತ ದೊಡ್ಡ ಸಾಹೇಬರ ಭಾಷಣ ಇತ್ತು. ವಿಷಯ: ಸಮಯಪಾಲನೆ. ಟೈಮರ್ ಆಗಿ ಕೂತವನು ಹೊಸ ಹುಡುಗ. ಏಳನೇ ನಿಮಿಷಕ್ಕೆ ಕೆಂಪು ಕಾರ್ಡನ್ನು ಎದೆಯ ಹತ್ತಿರ ಹಿಡಿದ. ಎಂಟಕ್ಕೆ ಗದ್ದದವರೆಗೆ ತಂದ. ಒಂಬತ್ತಕ್ಕೆ ಮುಖ ಮುಚ್ಚಿಕೊಂಡ. ಸರ್ ಅವನನ್ನು ನೋಡಿ ನಕ್ಕರು, ಹುಡುಗನಿಗೆ ಮಾತು ನಾಟಿದೆ ಅಂದುಕೊಂಡರು, ಇನ್ನೊಂದು ಉದಾಹರಣೆ ಕೊಟ್ಟರು. ಹನ್ನೊಂದಕ್ಕೆ ಮುಗಿಯಿತು. ಟೈಮರ್ ವರದಿ ಓದಿದ: ಸರ್ ಮಾತು ಏಳು ನಿಮಿಷದ ಆಸುಪಾಸಿನಲ್ಲಿತ್ತು. ವಿಮರ್ಶೆಗೆ ಒಂದು ಕ್ರಮ ಇದೆ. ಮೊದಲು ಹೊಗಳಬೇಕು, ನಡುವೆ ಒಂದು ಸಲಹೆ, ಕೊನೆಗೆ ಮತ್ತೆ ಹೊಗಳಬೇಕು. ಆವತ್ತಿನ ಸಲಹೆ ಏನು ಗೊತ್ತಾ? “ಸರ್, ನೀವು ಇನ್ನೂ ಸ್ವಲ್ಪ ಹೊತ್ತು ಮಾತಾಡಬಹುದಿತ್ತು.” ಸರ್ ಡೈರಿಯಲ್ಲಿ ಬರೆದುಕೊಂಡರು.

ಆ-ಕೌಂಟರ್ ಕೆಲಸ ಇನ್ನೂ ಸೊಗಸು. ಭಾಷಣದಲ್ಲಿ ಎಷ್ಟು ‘ಆ’, ಎಷ್ಟು ‘ಅಂ’, ಎಷ್ಟು ‘ಯೂ ನೋ’ ಬಂತು ಅಂತ ಗೆರೆ ಎಳೆಯುತ್ತಾ ಕೂರುವುದು. ಭಾಷಣ ಇಂಗ್ಲಿಷಿನಲ್ಲೇ ಆಗಬೇಕು, ಕೇಳುವವರಲ್ಲಿ ಅರ್ಧಕ್ಕರ್ಧ ಹಾಸನ, ದಾವಣಗೆರೆ ಕಡೆಯವರಾದರೂ. ಪಾಪ, ಮಾತಿನ ನಡುವೆ ನಿಂತು ಒಂದು ಕ್ಷಣ ಯೋಚನೆ ಮಾಡಿದವರ ಲೆಕ್ಕಕ್ಕೆ ಹತ್ತು ಗೆರೆ ಬೀಳುತ್ತದೆ. ಯೋಚನೆಯ ಗೋಜಿಗೇ ಹೋಗದವರದು ಶುದ್ಧ ಸೊನ್ನೆ, ಅವರಿಗೆ ಚಪ್ಪಾಳೆ. ಗ್ರಾಮರಿಯನ್ ಬೇರೆ ದಿನಕ್ಕೊಂದು ಹೊಸ ಪದ ಕೊಡುತ್ತಾರೆ, ಎಲ್ಲರೂ ಅದನ್ನು ಎಲ್ಲಾದರೂ ತುರುಕಬೇಕು. ಒಂದು ದಿನ ‘ಸೆರೆಂಡಿಪಿಟಿ’ ಇತ್ತು, ಅಂದರೆ ಅಚಾನಕ್ಕಾಗಿ ಒದಗಿದ ಅದೃಷ್ಟ. ಅವತ್ತು ಸಿಲ್ಕ್ ಬೋರ್ಡಿನಲ್ಲಿ ಕ್ಯಾಬ್ ಕೆಟ್ಟು ನಿಂತದ್ದೂ ಸೆರೆಂಡಿಪಿಟಿ, ಲಿಫ್ಟ್ ಕೆಟ್ಟದ್ದೂ ಸೆರೆಂಡಿಪಿಟಿ.

ನಮ್ಮ ಕರಾವಳಿಯವರು ಇದನ್ನೆಲ್ಲ ನೋಡಿದರೆ ಏನಂದಾರು? ಅಲ್ಲಿ ತಾಳಮದ್ದಳೆ ಅಂತ ಒಂದಿದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿ ಸ್ಥಳದಲ್ಲೇ ಮಾತು ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳಿದರೆ ಎದುರು ಕೂತ ರಾಮ ಉತ್ತರ ಕೊಡಲೇಬೇಕು. “ನಿಮ್ಮ ಕೈಸನ್ನೆ ಬಹಳ ಚೆನ್ನಾಗಿತ್ತು, ಧ್ವನಿಯ ಏರಿಳಿತ ಇನ್ನಷ್ಟು ಇರಲಿ” ಅಂತ ರಾಮ ಹೇಳಿದ್ದರೆ ಮುಂದಿನ ಸಲ ಅವನನ್ನು ಕೂಟಕ್ಕೇ ಕರೆಯುತ್ತಿರಲಿಲ್ಲ.

ಕ್ಲಬ್ಬಿಗೆ ವರ್ಷ ಅಂದರೆ ಜುಲೈಯಿಂದ ಜೂನ್. ವರ್ಷಕ್ಕೆ 10 ಗುರಿ. 5 ಮುಟ್ಟಿದರೆ ಡಿಸ್ಟಿಂಗ್ವಿಶ್ಡ್ ಕ್ಲಬ್, 7ಕ್ಕೆ ಸೆಲೆಕ್ಟ್, 9ಕ್ಕೆ ಪ್ರೆಸಿಡೆಂಟ್ಸ್. ಎಷ್ಟು ಜನ ಭಾಷಣ ಕಲಿಕೆಯ ಲೆವೆಲ್ ಮುಗಿಸಿದರು, ಹೊಸಬರು ಎಷ್ಟು, ಶುಲ್ಕ ಹೊತ್ತಿಗೆ ಸರಿಯಾಗಿ ಹೋಯಿತಾ, ಇವೆಲ್ಲ ಲೆಕ್ಕಕ್ಕಿವೆ. ಯಾರ ಮಾತು ಯಾರಿಗೆ ತಲುಪಿತು ಅನ್ನುವುದು ಲೆಕ್ಕಕ್ಕಿಲ್ಲ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಅನುದಾನ ಮುಗಿಸಲು ಇಲಾಖೆಯವರು ರಸ್ತೆಗೆ ಡಾಂಬರು ಸುರಿಯುವ ಹಾಗೆ ನಮ್ಮಲ್ಲಿ ಜೂನ್ ಕೊನೆಯಲ್ಲಿ ಭಾಷಣ ಸುರಿಯುತ್ತದೆ. ಸೋಮವಾರ ‘ನನ್ನ ಊರು’ ಅಂತ ಮಾತಾಡಿದವನು ಬುಧವಾರ ಅದನ್ನೇ ‘ನನ್ನ ಬೇರುಗಳು’ ಅಂತ ಮಾತಾಡಿದ. ಯಾರೂ ಗಮನಿಸಲಿಲ್ಲ. ಎರಡನೆಯದಕ್ಕೆ ಬಹುಮಾನ ಬಂತು.

ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗಿಗೆ ಒಂದು ಗುರುವಾರ ಸರದಿ ಬಂತು. ಕೇಳುವವರ ಮನವೊಲಿಸುವ ಭಾಷಣ ಮಾಡಬೇಕಿತ್ತು. ಅವಳು ಸುತ್ತಿ ಬಳಸಲಿಲ್ಲ. “ನಾಳೆ ರಾತ್ರಿ ನಾವು ಪೇಮೆಂಟ್ ಸಾಫ್ಟ್‌ವೇರ್ ರಿಲೀಸ್ ಮಾಡುತ್ತಿದ್ದೇವೆ. ನೆಟ್‌ವರ್ಕ್ ನಿಧಾನ ಇದ್ದಾಗ ಗ್ರಾಹಕರು ಬಟನ್ ಎರಡು ಸಲ ಒತ್ತಿದರೆ ಹಣ ಎರಡು ಸಲ ಕಟ್ ಆಗುತ್ತದೆ. ನಾನು ಮೂರು ಸಲ ಬಗ್ ರಿಪೋರ್ಟ್ ಹಾಕಿದೆ. ಮೂರು ಸಲವೂ ‘ಲೋ ಪ್ರಯಾರಿಟಿ’ ಅಂತ ಕ್ಲೋಸ್ ಮಾಡಿದರು. ದಯವಿಟ್ಟು ನಾಳೆಯ ರಿಲೀಸ್ ನಿಲ್ಲಿಸಿ.” ಸ್ಕ್ರೀನ್‌ಶಾಟ್ ಕೂಡ ತೋರಿಸಿದಳು. ಡೆಲಿವರಿ ಹೆಡ್ ಮುಂದಿನ ಸಾಲಿನಲ್ಲೇ ಇದ್ದರು.

ಟೈಮರ್ ಹೇಳಿದ: 6 ನಿಮಿಷ 40 ಸೆಕೆಂಡು, ಮಿತಿಯೊಳಗೆ. ಆ-ಕೌಂಟರ್ ಹೇಳಿದ: ಒಂದೇ ಒಂದು ‘ಆ’. ಗ್ರಾಮರಿಯನ್‌ಗೆ ‘ಮೂರು ಸಲ’ ಅನ್ನುವುದನ್ನು ಮತ್ತೆ ಮತ್ತೆ ಬಳಸಿದ ರೀತಿ ಬಹಳ ಹಿಡಿಸಿತು. ವಿಮರ್ಶಕರಂತೂ ಕುಣಿದಾಡಿಬಿಟ್ಟರು. “ಹಣ ಎರಡು ಸಲ ಕಟ್ ಆಗುತ್ತದೆ ಅಂದಾಗ ಎರಡು ಬೆರಳು ಎತ್ತಿದಿರಲ್ಲ, ಮೈ ಜುಂ ಅಂತು! ಒಂದೇ ಸಲಹೆ. ಕೊನೆಯಲ್ಲಿ ಸ್ವಲ್ಪ ಪಾಸಿಟಿವ್ ಆಗಿ ಮುಗಿಸಿ.” ಅತ್ಯುತ್ತಮ ಭಾಷಣದ ರಿಬ್ಬನ್ ಅವಳಿಗೇ ಬಂತು. ಡೆಲಿವರಿ ಹೆಡ್ ತಮ್ಮ ಕೈಯಾರೆ ಕೊಟ್ಟರು. ಪ್ರಚಾರದ ಉಪಾಧ್ಯಕ್ಷರು ಫೋಟೊ ತೆಗೆದು ಲಿಂಕ್ಡ್‌ಇನ್‌ಗೆ ಹಾಕಿದರು.

ಶುಕ್ರವಾರ ರಾತ್ರಿ ರಿಲೀಸ್ ಆಯಿತು. ಶನಿವಾರ ಬೆಳಿಗ್ಗೆಯಿಂದ ಗ್ರಾಹಕರ ಹಣ ಎರಡೆರಡು ಸಲ ಕಟ್ ಆಗತೊಡಗಿತು.

ಸೋಮವಾರ ಮೂಲ ಕಾರಣ ಹುಡುಕುವ ಮೀಟಿಂಗ್. ಡೆಲಿವರಿ ಹೆಡ್ ಮೇಜು ಕುಟ್ಟಿದರು. “ಇಷ್ಟು ಜನ ಇದ್ದೀರಿ, ಒಬ್ಬರಾದರೂ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ?”

“ಹೇಳಿದ್ದೆ ಸರ್. ಗುರುವಾರ. ನೀವೇ ರಿಬ್ಬನ್ ಕೊಟ್ರಿ.”

ಸರ್ ಮುಖ ಅರಳಿತು. “ಓ, ಅದು ನೀವೇನಾ? ತುಂಬಾ ಚೆನ್ನಾಗಿ ಮಾತಾಡಿದಿರಿ.”

ಸಂಜೆ ಎಲ್ಲರಿಗೂ ವರದಿ ಬಂತು. ಮೂಲ ಕಾರಣ: ಸಂವಹನದ ಕೊರತೆ. ಪರಿಹಾರ: ಟೆಸ್ಟಿಂಗ್ ಟೀಮಿನ ಎಲ್ಲರೂ ಈ ತಿಂಗಳೊಳಗೆ ಭಾಷಣ ಕ್ಲಬ್ ಸೇರತಕ್ಕದ್ದು.