ಊರಿಗೊಂದು ಗಣಿತ ಪರೀಕ್ಷೆ

ಅಮೆರಿಕದಲ್ಲಿ ನೇಪ್ ಅನ್ನೋ ಒಂದು ಪರೀಕ್ಷೆ ಇದೆ. ನಾಲ್ಕನೇ ಮತ್ತು ಎಂಟನೇ ತರಗತಿಯ ಮಕ್ಕಳು ಅದರಲ್ಲಿ ಗಣಿತ ಬರೆಯುತ್ತಾರೆ. ಆದರೆ ಯಾವ ಮಗುವಿಗೂ ಅಂಕ ಬರುವುದಿಲ್ಲ, ಯಾವ ಶಾಲೆಗೂ ಬರುವುದಿಲ್ಲ. ಆಯ್ದ ಶಾಲೆಗಳಲ್ಲಿ ಆಯ್ದ ಮಕ್ಕಳಷ್ಟೇ ಕೂರುತ್ತಾರೆ. ಒಬ್ಬೊಬ್ಬರಿಗೂ ಪ್ರಶ್ನೆಗಳ ಒಂದು ಪಾಲು ಮಾತ್ರ ಸಿಗುತ್ತದೆ. ಎಲ್ಲ ಕೂಡಿಸಿ 500ರ ಅಳತೆಯಲ್ಲಿ ರಾಜ್ಯಕ್ಕೊಂದು ಅಂಕ ಕೊಡುತ್ತಾರೆ. 2003ರಿಂದ ಗಣಿತದಲ್ಲಿ ದೊಡ್ಡ ನಗರಗಳಿಗೂ ಬೇರೆ ಅಂಕ ಕೊಡಲು ಶುರುಮಾಡಿದರು. ನ್ಯೂಯಾರ್ಕ್, ಚಿಕಾಗೊ, ಬಾಸ್ಟನ್ ಸೇರಿ 10 ನಗರಗಳು ಆಗ ಇದ್ದವು. 2024ರ ಹೊತ್ತಿಗೆ 26 ಆಗಿದ್ದವು. ಬಡ ಮಕ್ಕಳೇ ಜಾಸ್ತಿ ಇರುವ ಶಾಲೆಗಳನ್ನು ನಡೆಸುವ ಊರುಗಳು, ಅಂಕ ಕಡಿಮೆ ಬರಬಹುದು ಅಂತ ಗೊತ್ತಿದ್ದೂ ಹೆಸರು ಕೊಟ್ಟವು. ಇದು ನನಗೆ ತುಂಬ ದೊಡ್ಡ ಧೈರ್ಯ ಅನ್ನಿಸುತ್ತದೆ.

ನಾನಿರುವುದು ಡೆಟ್ರಾಯಿಟ್‌ನ ಹೊರವಲಯದಲ್ಲಿ. ಡೆಟ್ರಾಯಿಟ್ 2009ರಲ್ಲಿ ಮೊದಲ ಸಲ ಈ ಪಟ್ಟಿಗೆ ಸೇರಿತು. ನಾಲ್ಕನೇ ತರಗತಿಗೆ 200, ಎಂಟನೇ ತರಗತಿಗೆ 238 ಬಂತು. ಈ ಪರೀಕ್ಷೆಯ 40 ವರ್ಷದ ಇತಿಹಾಸದಲ್ಲಿ ಅಷ್ಟು ಕಡಿಮೆ ಗಣಿತದ ಅಂಕ ಯಾರಿಗೂ ಬಂದಿರಲಿಲ್ಲ. ದೇಶವೇ ಅದರ ಬಗ್ಗೆ ಮಾತಾಡಿತು. ಮಕ್ಕಳು ದಡ್ಡರಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ತಪ್ಪಿದ್ದು ಎಲ್ಲಿ?

ಉತ್ತರ ಒಂದೇ ಅಲ್ಲ. ನಗರದ ಗಡಿಯಲ್ಲಿರುವ ‘ಏಯ್ಟ್ ಮೈಲ್’ ಅನ್ನೋ ರಸ್ತೆ ದಾಟಿದರೆ ಬೇರೆ ಶಾಲಾ ಜಿಲ್ಲೆ, ಬೇರೆ ಕಟ್ಟಡ, ಬೇರೆ ಲೋಕ. ನಗರದ ಮಕ್ಕಳನ್ನೂ ಹೊರವಲಯದ ಮಕ್ಕಳನ್ನೂ ಒಂದೇ ಶಾಲೆಗಳಲ್ಲಿ ಕೂರಿಸುವ ಯೋಜನೆಯನ್ನು ಸುಪ್ರೀಂ ಕೋರ್ಟ್ 1974ರಲ್ಲಿ ತಳ್ಳಿಹಾಕಿತು. ಆ ಗೆರೆ ಇವತ್ತಿಗೂ ಇದೆ. ನೋವೈ, ಟ್ರಾಯ್, ಕ್ಯಾಂಟನ್ ಊರುಗಳಲ್ಲಿ ಮನೆ ಮಾಡಿರುವ ನಾವು ಕನ್ನಡಿಗರು ಗೆರೆಯ ಈಚೆ ಇದ್ದೇವೆ. ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡುತ್ತೇವೆ, ಸಂಜೆ ಕುಮಾನ್ ಅನ್ನೋ ಟ್ಯೂಷನ್‌ಗೆ ಕಳಿಸುತ್ತೇವೆ. ನಮ್ಮ ಮಕ್ಕಳು ಲೆಕ್ಕದಲ್ಲಿ ಮುಂದಿದ್ದರೆ ಅದನ್ನು ಸಂಸ್ಕೃತಿಯ ಖಾತೆಗೆ ಬರೆಯುತ್ತೇವೆ. ಗೆರೆಯ ಪಾಲೂ ಅದರಲ್ಲಿದೆ, ಅಲ್ವಾ?

ನನಗೆ ಮುಖ್ಯವಾಗಿ ಕಂಡಿದ್ದು ಮುಂದಿನದು. ಅಂಕ ಊರಿನ ಹೆಸರಲ್ಲಿ ಬಂದಿದ್ದರಿಂದ ಪ್ರಶ್ನೆಯೂ ಊರನ್ನೇ ಕೇಳಿತು. ಕೆಲವು ವರ್ಷಗಳ ನಂತರ ಪಠ್ಯವನ್ನು ಹೊರಗಿನವರಿಂದ ತಪಾಸಣೆ ಮಾಡಿಸಿದರು. ತರಗತಿಯಲ್ಲಿ ಕಲಿಸುತ್ತಿದ್ದುದಕ್ಕೂ ರಾಜ್ಯ ಹೇಳಿದ ಮಟ್ಟಕ್ಕೂ ತಾಳೆಯೇ ಇರಲಿಲ್ಲ. 2018ರಲ್ಲಿ ಗಣಿತದ ಪಠ್ಯವನ್ನೇ ಬದಲಿಸಿದರು. ಆಮೇಲೆ ಕೋವಿಡ್ ಬಂತು, ಅಂಕ ಮತ್ತೆ ಕುಸಿಯಿತು. ಶಾಲೆ ತಪ್ಪಿಸುವ ಮಕ್ಕಳ ಸಂಖ್ಯೆಯೂ ವಿಪರೀತ. ಮನೆಯಲ್ಲಿ ಕಾರಿಲ್ಲ, ಚಳಿಗಾಲದಲ್ಲಿ ಹಿಮ. ಡೆಟ್ರಾಯಿಟ್ ಇನ್ನೂ ತಳದಲ್ಲೇ ಇದೆ. ಆದರೂ ಎಲ್ಲಿದ್ದೇವೆ ಅನ್ನುವುದು ಅದಕ್ಕೆ ಗೊತ್ತಿದೆ.

ಬೆಂಗಳೂರಿಗೆ ಗೊತ್ತಾ?

ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಪ್ರತಿ ಮಗುವಿಗೂ 625ಕ್ಕೆ ಇಷ್ಟು ಅಂತ ಅಂಕ ಸಿಗುತ್ತದೆ. ಪೂರ್ತಿ ತೆಗೆದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆದರೆ 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ, ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ ವರ್ಷ, ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಬದಲಾಗುತ್ತದೆಯೇ? ಇಂಥ ಸಂಖ್ಯೆಯಿಂದ ಗಣಿತ ಎಲ್ಲಿ ನಿಂತಿದೆ ಅಂತ ತಿಳಿಯುವುದಿಲ್ಲ.

ಸಮೀಕ್ಷೆಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಬಹಳ ಒಳ್ಳೆಯ ಕೆಲಸ ಮಾಡುತ್ತದೆ. ಮನೆಗೇ ಹೋಗಿ ಮಗುವಿಗೆ ಕಳೆಯುವ ಲೆಕ್ಕ, ಭಾಗಾಕಾರ ಕೊಟ್ಟು ನೋಡುತ್ತದೆ. ಆದರೆ ಅದು ಹಳ್ಳಿಗಳಿಗೆ ಮಾತ್ರ. ಕೇಂದ್ರದ ಸಮೀಕ್ಷೆ 2021ರಲ್ಲಿ 3, 5, 8, 10ನೇ ತರಗತಿ ನೋಡಿತು. 2024ರಲ್ಲಿ 3, 6, 9. ತರಗತಿಗಳೇ ಬದಲಾದರೆ ಏರಿದ್ದೇವೋ ಇಳಿದಿದ್ದೇವೋ ಹೇಗೆ ಹೇಳುವುದು? 2024ರಲ್ಲೇ ನಮ್ಮ ಸರ್ಕಾರ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಮಾಡಿತು. ಅದು ಕೋರ್ಟಿನಲ್ಲಿ ಸಿಕ್ಕಿಬಿತ್ತು. ಅಷ್ಟು ಚಿಕ್ಕ ಮಕ್ಕಳ ಮೇಲೆ ಆ ಭಾರ ಬೇಕೇ ಇರಲಿಲ್ಲ.

ಕರ್ನಾಟಕಕ್ಕೆ ಇದೆಲ್ಲ ಹೊಸದೇನಲ್ಲ. ಎಚ್.ಡಿ. ಕೋಟೆಯಲ್ಲಿ, ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿಸಿದ್ದು ನಮ್ಮ ಶಿಕ್ಷಕರೇ. ಗಣಿತ ಕಲಿಕಾ ಆಂದೋಲನದ ಕಿಟ್ ಸರ್ಕಾರಿ ಶಾಲೆಗಳಿಗೆ ಹೋಗಿದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳು ನಡೆದಿವೆ. ಹಳ್ಳಿಯಲ್ಲಿ ಊರಿನವರ ಮುಂದೆಯೇ ಮಕ್ಕಳು ಲೆಕ್ಕ ಬಿಡಿಸುತ್ತಾರೆ. ನಗರದ ಕೊಳೆಗೇರಿ ಪಕ್ಕದ ಶಾಲೆಯನ್ನು ಹಾಗೆ ಬಂದು ಕೇಳುವವರು ಯಾರು?

2025ರಲ್ಲಿ ಬೆಂಗಳೂರನ್ನು 5 ಪಾಲಿಕೆಗಳಾಗಿ ಮಾಡಿದ್ದಾರೆ. ಒಂದೊಂದರಿಂದಲೂ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳ ಕೆಲವೇ ಮಕ್ಕಳನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಅದೇ 4 ಮತ್ತು 8ನೇ ತರಗತಿಗೆ ಅದೇ ಮಟ್ಟದ ಗಣಿತ ಕೊಡಲಿ. ಮಗುವಿನ ಹೆಸರೂ ಬೇಡ, ಶಾಲೆಯ ಹೆಸರೂ ಬೇಡ. ಐದು ಪಾಲಿಕೆಗಳ ಐದು ಅಂಕ ಮಾತ್ರ ಪ್ರಕಟವಾಗಲಿ. ಮಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯೂ ಆಮೇಲೆ ಸೇರಿಕೊಳ್ಳಬಹುದು.